ಟರ್ಕಿ ಬೇಟೆಯ ಗುಡಾರ, ಕನಕಗಿರಿಯ ಹೊಲದಲ್ಲಿ

ವಸ್ತುವಿನ ಹೆಸರು ಹಬ್ ಬ್ಲೈಂಡ್. ಅಮೆರಿಕದಲ್ಲಿ ಕಾಡು ಟರ್ಕಿ ಕೋಳಿಯನ್ನು ಬಿಲ್ಲು ಬಾಣದಿಂದ ಹೊಡೆಯುವವರು ಒಳಗೆ ಕೂತು ಕಾಯಲೆಂದು ಮಾಡಿದ ಮಡಚುವ ಗುಡಾರ. ನಾನೂ ನನ್ನ ಗೆಳೆಯನೂ ಇದನ್ನು ಕೊಪ್ಪಳ ಜಿಲ್ಲೆಯ ಮಸಾರಿ ಹೊಲದಲ್ಲಿ ಹಾಕಿಕೊಂಡು ಹಕ್ಕಿಗಳ ಫೋಟೋ ತೆಗೆಯುತ್ತೇವೆ. ಕಂಪನಿಯ ಹೆಸರು ಬರೆಯುವುದಿಲ್ಲ, ಇದೇ ನಮೂನೆಯ ಮಾಲು ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ನಾನು ಹೇಳುವುದು ಹೆಚ್ಚು ಕಡಿಮೆ ಎಲ್ಲದಕ್ಕೂ ಅನ್ವಯಿಸುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಕೂರುವುದಾದರೆ, ಚಳಿಗಾಲವಾದರೆ, ಬೆಳಗಿನ ಹೊತ್ತಷ್ಟೇ ಆದರೆ ಇದಕ್ಕಿಂತ ಒಳ್ಳೆಯ ಮರೆ ಇಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ದುಡ್ಡು ದಂಡ.

ನನ್ನ ಗೆಳೆಯ ಹೈಸ್ಕೂಲಿನ ಪಿ.ಟಿ. ಮಾಸ್ತರ. ಅವನ ಹೆಂಡತಿಯ ಅಣ್ಣ ಅಮೆರಿಕದ ಮಿಸ್ಸೌರಿಯಲ್ಲಿದ್ದಾನೆ. ಅಲ್ಲಿಯವರ ಜೊತೆ ಸೇರಿ ಅವನಿಗೂ ಬೇಟೆಯ ಹುಚ್ಚು ಹಿಡಿದಿತ್ತು, ಎರಡು ಸೀಸನ್ನಿಗೆ ಬಿಟ್ಟೂ ಹೋಯಿತು. ಊರಿಗೆ ಬಂದಾಗ ಗುಡಾರವನ್ನು ಹೊತ್ತು ತಂದು "ನೀವಿಬ್ರೂ ಹಕ್ಕಿ ಹಿಂದ ತಿರಗತೀರಲ್ಲ, ಇಟ್ಕೋರಿ" ಅಂತ ಕೊಟ್ಟ. ಹೀಗಾಗಿ ನಮಗೆ ಇದು ಪುಕ್ಕಟೆ ಬಂದದ್ದು. ಆದರೂ ಬೆಲೆ ಕೊಟ್ಟು ತಗೊಳ್ಳುವವರ ಕಣ್ಣಿನಿಂದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಇದು ಹರಿದರೆ ನಾನು ಇನ್ನೊಂದು ಕೊಂಡೇ ತೀರುವವನು.

ಇದರ ಒಳ್ಳೆಯತನವೆಲ್ಲ ಬಿಲ್ಲಿನಿಂದ ಬಂದದ್ದು. ಭಾವ ಅದನ್ನು ಕಟ್ಟೆ ಮೇಲೆ ಕೂತು ಬಿಡಿಸಿ ಹೇಳಿದ ಮೇಲೆಯೇ ನನಗೆ ಗುಡಾರದ ಒಂದೊಂದು ಹೊಲಿಗೆಯೂ ಅರ್ಥವಾಯಿತು. ಟರ್ಕಿಗೆ ಮೂಗು ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಭಯಂಕರ. ಬಣ್ಣ ಚೆನ್ನಾಗಿ ಕಾಣುತ್ತದೆ, ಕಣ್ಣು ತಲೆಯ ಎರಡೂ ಪಕ್ಕಕ್ಕಿರುವುದರಿಂದ ಕತ್ತು ಒಂದಿಷ್ಟು ಹೊರಳಿಸಿದರೆ ಸುತ್ತಲಿನದೆಲ್ಲ ಕಾಣುತ್ತದೆ. ಬಂದೂಕಿನವನು ನಲವತ್ತು ಗಜದಿಂದ ಹೊಡೆಯಬಹುದು, ಮರಕ್ಕೆ ಒರಗಿ ಬಂದೂಕನ್ನು ಮೊಣಕಾಲ ಮೇಲಿಟ್ಟು ಮೊದಲೇ ಗುರಿ ಹಿಡಿದು ಕೂರಬಹುದು. ಬಿಲ್ಲಿನವನಿಗೆ ಆ ಸೌಕರ್ಯವಿಲ್ಲ. ಹಕ್ಕಿ ಇಪ್ಪತ್ತು ಗಜದ ಒಳಗೆ ಬರಬೇಕು, ಬಂದ ಮೇಲೆ ಅವನು ಹೆದೆ ಎಳೆಯಬೇಕು. ಮೊಣಕೈ ಹಿಂದಕ್ಕೆ ಹೋಗುವ ಆ ಒಂದು ಗಳಿಗೆಯಲ್ಲೇ ಟರ್ಕಿ ಓಟ ಕೀಳುವುದು. ಅದಕ್ಕೇ ಈ ಗುಡಾರ. ಆಶ್ಚರ್ಯವೆಂದರೆ, ಬಯಲಲ್ಲಿ ನಿನ್ನೆ ಇಲ್ಲದ ಗುಡಾರ ಇವತ್ತು ಬೆಳಗ್ಗೆ ಎದ್ದು ನಿಂತಿದ್ದರೂ ಟರ್ಕಿಗೆ ಅದರ ಬಗ್ಗೆ ಅನುಮಾನ ಬರುವುದು ಕಡಿಮೆಯಂತೆ. ಜಿಂಕೆಗಾದರೆ ವಾರಗಟ್ಟಲೆ ಮೊದಲೇ ಹಾಕಿ ರೂಢಿ ಮಾಡಿಸಬೇಕು. ಟರ್ಕಿಗೆ ಅಲುಗುವುದು ಕಂಡರೆ ಭಯ, ನಿಂತದ್ದರ ಭಯವಿಲ್ಲ.

ಬೇಟೆಗೆ ಸಾಮಾನ್ಯವಾಗಿ ಇಬ್ಬರು ಹೋಗುತ್ತಾರೆ. ಒಬ್ಬ ಹೆಣ್ಣು ಟರ್ಕಿಯ ದನಿ ಮಾಡಿ ಕರೆಯುವವ, ಇನ್ನೊಬ್ಬ ಬಿಲ್ಲು ಹಿಡಿದವ. ಮುಂದೆ ಬಯಲಲ್ಲಿ ಒಂದು ಪ್ಲಾಸ್ಟಿಕ್ ಹೆಣ್ಣು ಟರ್ಕಿ ನಿಲ್ಲಿಸಿರುತ್ತಾರೆ. ಅದು ವಸಂತದ ಬೇಟೆ, ಏಪ್ರಿಲ್-ಮೇ ಹೊತ್ತಿಗೆ. ಗಂಡು ಬಾಲ ಬಿಚ್ಚಿ, ತಲೆಯನ್ನು ಕೆಂಪು ನೀಲಿ ಬಿಳಿ ಮಾಡಿಕೊಂಡು ಬರುವ ಕಾಲ. ಎದೆಯ ಮೇಲೆ ಕುದುರೆಕೂದಲಿನಂಥ ಗಡ್ಡ ಇಳಿಬಿದ್ದಿದ್ದನ್ನೇ ಹೊಡೆಯಬೇಕು, ಲೈಸೆನ್ಸ್ ಇರಬೇಕು, ಸೀಸನ್ನಿಗೆ ಇಂತಿಷ್ಟೇ ಅನ್ನುವ ಲೆಕ್ಕವಿದೆ. ಒಂದು ಕಾಲಕ್ಕೆ ಬೇಟೆಯಿಂದಲೂ ಕಾಡು ಕಡಿದದ್ದರಿಂದಲೂ ಎಷ್ಟೋ ರಾಜ್ಯಗಳಲ್ಲಿ ಕಾಣೆಯಾಗಿದ್ದ ಹಕ್ಕಿಯನ್ನು ಉಳಿದ ಕಡೆಯಿಂದ ಹಿಡಿದು ತಂದು ಬಿಟ್ಟು ಮತ್ತೆ ಬೆಳೆಸಿದ್ದಾರೆ, ಆದ್ದರಿಂದ ಕಾಯಿದೆಯೂ ಬಿಗಿ. ಮಾಸ್ತರ ಎಲ್ಲ ಕೇಳಿ, "ಅಂದ್ರ ಇಬ್ರು ದೋಸ್ತರು ಕತ್ತಲದಾಗ ಮುಂಜಾನಿ ತನಕ ಬಾಯಿ ಮುಚ್ಕೊಂಡು ಕೂಡೋದಕ್ಕ ಸರಕಾರಕ್ಕ ರೊಕ್ಕ ಕಟ್ಟತೀರಿ" ಅಂದ. ಭಾವ ಹೌದೆಂದ.

ಈಗ ಕ್ಯಾಮೆರಾದವನ ಲೆಕ್ಕಕ್ಕೆ ಬನ್ನಿ. ಹೆದೆ ಎಳೆಯಲು ಜಾಗ ಬೇಕೆಂದು ಇದನ್ನು ಅಗಲವಾಗಿ ಮಾಡಿದ್ದಾರೆ, ನೆಲದ ಮೇಲೆ ಸುಮಾರು ಐದು ಅಡಿಗೆ ಐದು ಅಡಿ, ನಾಲ್ಕೂ ಗೋಡೆ ಹೊರಕ್ಕೆ ಉಬ್ಬಿರುವುದರಿಂದ ನಡುವೆ ಇನ್ನೂ ಹೆಚ್ಚು. ಬಿಲ್ಲಿನ ಮೇಲ್ತುದಿ ಮಾಡಿಗೆ ತಾಗಬಾರದೆಂದು ಎತ್ತರವೂ ಐದೂವರೆ ಅಡಿ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಸಿಗುವ, ಕುರ್ಚಿಯ ಮೇಲೆ ಹೊದ್ದುಕೊಳ್ಳುವ ಒಬ್ಬರ ಮರೆಗಳಲ್ಲಿ ಕೂತು ಸೊಂಟ ಹಿಡಿಸಿಕೊಂಡವರಿಗೆ ಈ ಜಾಗದ ಬೆಲೆ ಗೊತ್ತು. ಎರಡು ಸ್ಟೂಲು, ಎರಡು ಟ್ರೈಪಾಡು, ನೀರಿನ ಕ್ಯಾನು, ಬುತ್ತಿ ಗಂಟು ಎಲ್ಲ ಹಿಡಿಸಿ ಕಾಲು ಚಾಚುವಷ್ಟು ಉಳಿಯುತ್ತದೆ. ಕಿಟಕಿಗಳು ಕೂತವನ ಎದೆಮಟ್ಟಕ್ಕಿವೆ. ಉದ್ದನೆಯ ಲೆನ್ಸಿಗೆ ಅಳತೆ ತೆಗೆದು ಇಟ್ಟಂತಿವೆ.

ಒಳಗಡೆ ಪೂರಾ ಕಪ್ಪು ಬಣ್ಣ. ಇದು ಅಲಂಕಾರಕ್ಕಲ್ಲ. ಹಿಂದಿನ ಕಿಟಕಿಗಳನ್ನು ಮುಚ್ಚಿ ಮುಂದಿನದೊಂದನ್ನೇ ಬಿಟ್ಟರೆ ಒಳಗೆ ಕತ್ತಲೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಟೆಗಾರರು ಒಳಗೆ ಎಲೆ ಬಣ್ಣದ ಬಟ್ಟೆ ಹಾಕುವುದಿಲ್ಲ, ಕರಿ ಅಂಗಿ ಹಾಕುತ್ತಾರೆ, ಮುಖಕ್ಕೂ ಕರಿ ಮುಸುಕು. ನಮ್ಮ ಮಾಸ್ತರ ಶಾಲೆಯ ಬಿಳಿ ಪ್ಯಾಂಟು ಬಿಳಿ ಅಂಗಿಯಲ್ಲೇ ಬಂದು ಕೂತ. ಐವತ್ತು ಅಡಿ ದೂರದಿಂದ ನೋಡಿದೆ, ಆ ಕತ್ತಲಲ್ಲಿ ಅವನೊಬ್ಬನೇ ಬೆಳಗುತ್ತಿದ್ದ. ಕೌಜುಗಗಳು ಬದುವಿನ ತನಕ ಬಂದು, ಕಿಟಕಿಯತ್ತ ಕತ್ತು ನೀಕಿ, ಬಂದ ದಾರಿಯಲ್ಲೇ ಹೋದವು. "ಶನಿವಾರ ನನಗ ಅರ್ಧಾ ದಿನಾ ಸಾಲಿ ಅದ, ಮನಿಗೆ ಹೋಗಿ ಅಂಗಿ ಬದಲು ಮಾಡಾಕ ಆಗ್ತದೇನ್ಲೇ" ಅಂದ. ಈಗ ಚೀಲದಲ್ಲೇ ಒಂದು ಕರಿ ಶಾಲು ಇಟ್ಟಿದ್ದೇವೆ. ಅಯ್ಯಪ್ಪ ಮಾಲೆ ಹಾಕುವ ತಿಂಗಳಲ್ಲಿ ಮಾತ್ರ ಅವನೇ ಕರಿ ಅಂಗಿಯಲ್ಲಿ ಬರುತ್ತಾನೆ. ಡಿಸೆಂಬರ್ ಹಕ್ಕಿಗೂ ಒಳ್ಳೆಯ ತಿಂಗಳು.

ಇನ್ನು ಹೊರಗಿನ ಬಣ್ಣ. ಓಕ್ ಮರದ ಎಲೆ, ತೊಗಟೆ, ಹಸಿರು ರೆಂಬೆ, ಹೀಗೆ ಮಿಸ್ಸೌರಿಯ ಕಾಡನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿದ್ದಾರೆ. ಕನಕಗಿರಿಯಿಂದ ಆಚೆ ಎಲ್ಲಿದೆ ಆ ಹಸಿರು? ಕೆಂಪು ಮಣ್ಣು, ಗುಂಡು ಕಲ್ಲಿನ ಗುಡ್ಡ, ಬಳ್ಳಾರಿ ಜಾಲಿ, ಒಣಗಿದ ಕರಡ. ಅದರ ನಡುವೆ ಇದು ನಿಂತರೆ ಪಕ್ಕದ ಹೊಲದ ಅಜ್ಜನ ಮಾತಿನಲ್ಲಿ "ಮದುವಿ ಶಾಮಿಯಾನ". ಹಕ್ಕಿಗಳಿಗೆ ಬಣ್ಣಕ್ಕಿಂತ ಹೆಚ್ಚಾಗಿ ಕಾಡಿದ್ದು ಹೊಸ ಪಾಲಿಯೆಸ್ಟರಿನ ಮಿನುಗು ಅಂತ ನನ್ನ ಅನಿಸಿಕೆ. ಇಬ್ಬನಿ ಬಿದ್ದ ಬೆಳಗ್ಗೆ ಎಳೆ ಬಿಸಿಲಿಗೆ ಇಡೀ ಗೋಡೆ ಹೊಳೆಯುತ್ತದೆ. ನಾವು ಮಾಡಿದ್ದಿಷ್ಟು: ಹಳೇ ಗೋಣಿಚೀಲಗಳನ್ನು ಬಿಚ್ಚಿ, ಕೆಂಪು ಮಣ್ಣಿನ ರಾಡಿಯಲ್ಲಿ ಅದ್ದಿ ಒಣಗಿಸಿ, ಮೂರು ಗೋಡೆಗೆ ಇಳಿಬಿಟ್ಟೆವು. ಗೋಡೆಗೆ ಅಲ್ಲಲ್ಲಿ ಪಟ್ಟಿಯ ಕುಣಿಕೆ ಹೊಲಿದಿದ್ದಾರೆ, ರೆಂಬೆ ಸಿಕ್ಕಿಸಲೆಂದೇ. ಅದಕ್ಕೆ ತೊಗರಿ ಕಟ್ಟಿಗೆ ಸಿಕ್ಕಿಸುತ್ತೇವೆ. ಜಾಲಿ ಬಳಸಬೇಡಿ, ಮುಳ್ಳು ಬಟ್ಟೆಯನ್ನು ಹರಿದುಹಾಕುತ್ತದೆ. ಮಣ್ಣಿನ ಗೋಣಿ ಕಟ್ಟಿದ ಮೇಲೆ ಬೆಳವ, ಕೌಜುಗ, ಕೊನೆಗೆ ನವಿಲೂ ಗುಡಾರದ ನೆರಳಿಗೇ ಬಂದು ಕೆದರತೊಡಗಿದವು. ಒಂದು ಹೆಣ್ಣು ನವಿಲು ಲೆನ್ಸಿಗೆ ಎಷ್ಟು ಹತ್ತಿರ ಬಂತೆಂದರೆ ಫೋಕಸ್ಸೇ ಆಗಲಿಲ್ಲ. ಮಾಸ್ತರ ಮೊಬೈಲಿನಲ್ಲಿ ತೆಗೆದ. ಅದೇ ಆ ದಿನದ ಒಳ್ಳೆಯ ಫೋಟೋ, ಅದನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಕಿಟಕಿಯ ಕೆಲಸಕ್ಕೆ ಪೂರ್ತಿ ಅಂಕ. ಜಿಪ್ಪಿಲ್ಲ, ಕೊಕ್ಕೆ ಮತ್ತು ಎಲಾಸ್ಟಿಕ್ ಕುಣಿಕೆ. ಇಷ್ಟಿಷ್ಟೇ ಇಳಿಸಬಹುದು, ಸದ್ದೇ ಇಲ್ಲ. ಬಾಗಿಲಿಗೆ ಮಾತ್ರ ಯಾಕೆ ಉದ್ದನೆಯ ಜಿಪ್ಪು ಇಟ್ಟರೋ ತಿಳಿಯದು. ಅದನ್ನು ಎಳೆದರೆ ಹೊಂಡದ ದಂಡೆಯ ಟಿಟ್ಟಿಭ ಎದ್ದು ಊರಿಗೆಲ್ಲ ಡಂಗುರ ಸಾರುತ್ತದೆ, ಆಮೇಲೆ ಅರ್ಧ ಗಂಟೆ ಏನೂ ಬರುವುದಿಲ್ಲ. ಬೆಳಕು ಹರಿಯುವ ಮೊದಲೇ ಒಳಗೆ ಸೇರಿ ಬಾಗಿಲು ಹಾಕಿಕೊಂಡುಬಿಡಿ. ಕಿಟಕಿಗೆ ಒಂದು ಸಣ್ಣ ಜಾಲರಿ ಪರದೆಯೂ ಬರುತ್ತದೆ. ಬಾಣ ಅದನ್ನು ಹರಿದುಕೊಂಡೇ ಹೋಗುವಂತೆ ಮಾಡಿದ್ದು, ತೂತಾದರೆ ಬದಲಿಸುತ್ತಾರೆ. ತುದಿಯ ಅಲಗು ಗುರಿ ತಾಗಿದಾಗ ಬಿಚ್ಚಿಕೊಳ್ಳುವ ನಮೂನೆಯ ಬಾಣವಾದರೆ ಜಾಲರಿಗೇ ಬಿಚ್ಚಿಕೊಂಡು ದಿಕ್ಕು ತಪ್ಪುತ್ತದೆ, ಆದ್ದರಿಂದ ಅಲಗು ಕೂಡಿಸಿದ ಬಾಣವೇ ಬೇಕು ಅಂದ ಭಾವ. ಕ್ಯಾಮೆರಾಕ್ಕೆ ಈ ಜಾಲರಿ ದಂಡ. ಅದರ ಮೂಲಕ ತೆಗೆದ ಫೋಟೋ ಮಸುಕು ಮಸುಕು. ಲೆನ್ಸಿನ ಮುಂದಿನದನ್ನು ಬಿಚ್ಚಿ, ಪಕ್ಕದ ಕಿಟಕಿಗಳಿಗೆ ಮಾತ್ರ ಉಳಿಸಿಕೊಳ್ಳಿ. ಮುಂದಿನ ಕಿಂಡಿಗೆ ಲೆನ್ಸಿನ ಸುತ್ತ ಕರಿ ಬಟ್ಟೆ ಪಿನ್ನು ಮಾಡಿದರೆ ಸಾಕು.

ಗುಡಾರಕ್ಕೆ ತಳವಿಲ್ಲ. ಕೊರತೆಯೆಂದು ತಿಳಿಯಬೇಡಿ, ಪ್ಲಾಸ್ಟಿಕ್ ತಳವಿದ್ದರೆ ಕಾಲು ಸರಿಸಿದಾಗೆಲ್ಲ ಪರಪರ ಅನ್ನುತ್ತದೆ. ಆದರೆ ತಳವಿಲ್ಲವೆಂದರೆ ನಮ್ಮ ಕಡೆ ಚೇಳಿಗೆ ಬಾಗಿಲು ತೆಗೆದಿಟ್ಟಂತೆ. ಟಾರ್ಚ್ ಹಾಕಿ ನೋಡಿ, ಕಲ್ಲು ಎತ್ತಿ ಆಚೆ ಹಾಕಿ, ಗೋಣಿ ಹಾಸಿ ಕೂರಬೇಕು. ಬೂಟು ಕಡ್ಡಾಯ. ಮಾಸ್ತರನ ಚಪ್ಪಲಿಯ ಬಗ್ಗೆ ಬರೆಯುವುದಿಲ್ಲ.

ಜೊತೆಗೆ ಕೊಡುವ ಗೂಟಗಳು ನಗೆಪಾಟಲು. ಕಿರುಬೆರಳಿಗಿಂತ ಸಣ್ಣ ತಂತಿ. ಮೆತ್ತನೆ ಹುಲ್ಲುಗಾವಲಿಗೆ ಸರಿಯಿರಬಹುದು. ಮಸಾರಿಯಲ್ಲಿ ಎರಡು ಬೆರಳು ಇಳಿಯುವಷ್ಟರಲ್ಲಿ ಗರಸು ಸಿಕ್ಕು ಬಾಗುತ್ತದೆ. ಎರೆ ಹೊಲದಲ್ಲಿ ಬೇಸಿಗೆಯ ಬಿರುಕಿನೊಳಗೆ ಸೀದಾ ಇಳಿದು ಅಲ್ಲೇ ಸಡಿಲಾಗಿ ಅಲ್ಲಾಡುತ್ತದೆ. ಕಮ್ಮಾರನ ಹತ್ತಿರ ಹೋಗಿ ಕಟ್ಟಡದ ಸರಳಿನ ತುಂಡುಗಳಿಗೆ ಮೊನೆ ಮಾಡಿಸಿ, ತಲೆ ಬಗ್ಗಿಸಿಕೊಂಡೆವು. ಬಂಡೆಯ ಮೇಲಾದರೆ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ನಾಲ್ಕು ಮೂಲೆಗೆ ಕಟ್ಟುವುದು. ಇಷ್ಟೆಲ್ಲ ಯಾಕೆಂದರೆ ಗಾಳಿ. ಯಲಬುರ್ಗಾ-ಕುಕನೂರು ಕಡೆ ಗಾಳಿ ಫ್ಯಾನುಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿಯಲ್ಲಿ ಈ ಗುಡಾರ ಗೂಟ ಸಮೇತ ಎದ್ದು ಬದು ದಾಟಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ. ಒಳಗೆ ಯಾರೂ ಇರಲಿಲ್ಲ, ಮಾಸ್ತರನ ಡಬ್ಬಿಯಿತ್ತು. ಸಂಕಟವೆಂದರೆ ನವಿಲು ಗರಿ ಬಿಚ್ಚುವುದೂ ಮಳೆಗಾಲಕ್ಕೇ. ಟರ್ಕಿ ವಸಂತದ ತಣ್ಣನೆ ಬೆಳಗಿನಲ್ಲಿ ಕುಣಿಯುತ್ತದೆ, ನಮ್ಮ ನವಿಲು ಗಾಳಿ ಎದ್ದ ಮೇಲೆ. ಕುಣಿಯುವ ನವಿಲಿನ ಆಸೆಗೆ ಇದನ್ನು ಕೊಳ್ಳುವವರು ಎರಡು ಸಲ ಯೋಚಿಸಿ.

ಇನ್ನೊಂದು ಶತ್ರು ಬಿಸಿಲು. ಕರಿ ಬಣ್ಣ ಹಕ್ಕಿಯ ಕಣ್ಣಿಗೆ ಮಣ್ಣೆರಚುತ್ತದೆ ಸರಿ, ಆದರೆ ಸೂರ್ಯನಿಗೆ ಅದೇ ಬೇಕು. ರಾಯಚೂರು-ಬಳ್ಳಾರಿ-ಕೊಪ್ಪಳದ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವಂಥದ್ದು, ಆಗ ಇದನ್ನು ಬಿಚ್ಚುವ ಮಾತೇ ಇಲ್ಲ. ಚಳಿಗಾಲದಲ್ಲೂ ಒಂಬತ್ತು ಗಂಟೆಯಾಯಿತೆಂದರೆ ಒಳಗೆ ಬೆವರು ಇಳಿಯುತ್ತದೆ. ಗಾಳಿ ಆಡಲು ಹಿಂದಿನ ಕಿಟಕಿ ತೆರೆದರೆ ಬೆಳಕು ಹಿಂದಿನಿಂದ ಬಿದ್ದು ನಮ್ಮಿಬ್ಬರ ಆಕೃತಿ ಎದ್ದು ಕಾಣುತ್ತದೆ. ಮಾಡಿನಲ್ಲೊಂದು ಗಾಳಿಕಂಡಿ ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಇದು ಬರೀ ಸುಖದ ಪ್ರಶ್ನೆಯಲ್ಲ. ನಾವು ಮುಖ್ಯವಾಗಿ ಕಾಯುವುದು ಸ್ಯಾಂಡ್‌ಗ್ರೌಸ್ ಹಕ್ಕಿಗೆ. ಪಾರಿವಾಳದಷ್ಟು ಗಾತ್ರ, ಮಣ್ಣಿನದೇ ಬಣ್ಣ, ಕೂತರೆ ಹೆಂಟೆ ಯಾವುದು ಹಕ್ಕಿ ಯಾವುದು ತಿಳಿಯದು. ದಿನವೆಲ್ಲ ಒಣ ಕಾಳು ತಿನ್ನುವುದರಿಂದ ನೀರಿಗೆ ಬಂದೇ ಬರಬೇಕು. ಮರಿ ಇದ್ದಾಗ ಗಂಡು ಹೊಟ್ಟೆಯ ಪುಕ್ಕವನ್ನು ನೀರಿನಲ್ಲಿ ನೆನೆಸಿಕೊಂಡು ಹಾರಿಹೋಗಿ ಮರಿಗಳಿಗೆ ಕುಡಿಸುತ್ತದೆ. ನಾವು ಗುಡಾರ ಹಾಕುವುದು ಮಾಸ್ತರನ ಅಣ್ಣತಮ್ಮಂದಿರ ಹೊಲದ ಕೃಷಿ ಹೊಂಡದ ಪಕ್ಕ, ನೀರು ಜಿನುಗಿ ತಗ್ಗಿನಲ್ಲಿ ನಿಲ್ಲುವ ಕಡೆ. ಕಂದು ಹೊಟ್ಟೆಯ ಜಾತಿ ಅಲ್ಲಿಗೆ ಬರುವುದು ಮುಂಜಾನೆಯಲ್ಲ, ಬಿಸಿಲು ಏರಿದ ಮೇಲೆ, ಸರಿಯಾಗಿ ಗುಡಾರದೊಳಗೆ ಕೂರಲಾಗದ ಹೊತ್ತಿಗೆ. ಗುಂಪು ಗುಂಪಾಗಿ ಇಳಿದು, ಗಟಗಟ ಕುಡಿದು, ನಿಮಿಷದೊಳಗೆ ಎದ್ದು ಹೋಗುತ್ತವೆ. ಆ ಒಂದು ನಿಮಿಷಕ್ಕೆ ಮೂರು ತಾಸು. ನಮ್ಮ ಉಪಾಯ, ಮಾಡಿನ ಮೇಲೆ ಒದ್ದೆ ಗೋಣಿ ಹಾಸುವುದು, ಗುಡಾರವನ್ನು ಗುಂಡುಕಲ್ಲಿನ ಪಡುವಣ ನೆರಳಿಗೆ ಹಾಕುವುದು. ಹತ್ತು ಗಂಟೆ ತನಕ ತಡೆಯುತ್ತದೆ.

ಕಣ್ಣಿಗೆ ಮರೆಯಾದರೂ ಕಿವಿಗೆ ಇದು ಏನೂ ಅಲ್ಲ, ಬಟ್ಟೆ ಬಟ್ಟೆಯೇ. ಮಾಸ್ತರನಿಗೆ ಸುಮ್ಮನೆ ಕೂರುವುದು ಬಾರದು. ಮೂವತ್ತು ವರ್ಷ ಮೈದಾನದಲ್ಲಿ ಸೀಟಿ ಊದಿ ಕೂಗಿದ ಗಂಟಲು, ಪಿಸುಮಾತೂ ಪಕ್ಕದ ಹೊಲಕ್ಕೆ ಕೇಳುತ್ತದೆ. ಚೀಲದ ಜೇಬಿನಲ್ಲಿ ಭಾವ ಬಿಟ್ಟಿದ್ದ ಟರ್ಕಿ ಕರೆಯುವ ಡಬ್ಬಿಯೂ ಸಿಕ್ಕಿತು. ಕಟ್ಟಿಗೆಯ ಪುಟ್ಟ ಪೆಟ್ಟಿಗೆ, ಮೇಲಿನ ಹಲಗೆಗೆ ಚಾಕ್ ಬಳಿದು ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿಯ ಕೊಂಯ್ ದನಿ ಬರುತ್ತದೆ. ಅದನ್ನು ಮಾಸ್ತರ ಉಜ್ಜಿಯೇ ಬಿಟ್ಟ. ಕನಕಗಿರಿ ಸೀಮೆಯ ಯಾವ ಹಕ್ಕಿಗೂ ಅದರ ಅರ್ಥವಾಗಲಿಲ್ಲ, ಕುರಿಹಟ್ಟಿಯ ನಾಯಿಗಾಯಿತು.

ನಾಯಿಯ ಹಿಂದೆ ಕುರಿ ಕಾಯುವವ ಬಂದ, ಅವನ ಹಿಂದೆ ಊರಿನ ನಾಲ್ಕು ಜನ. ಇದು ಬೇರೆ ಯಾವ ದೇಶದ ವಿಮರ್ಶೆಯಲ್ಲೂ ಸಿಗದ ಮಾತು, ಅದಕ್ಕೇ ಬರೆಯುತ್ತೇನೆ. ನಮ್ಮದು ಕೋಟೆ, ಪಾಳು ಗುಡಿ, ಹಿರೇಬೆಣಕಲ್ಲಿನ ಮೋರೇರ ಮನೆಗಳಂಥ ಶಿಲಾ ಸಮಾಧಿಗಳಿರುವ ಸೀಮೆ. ನಿಧಿಯ ಆಸೆಗೆ ಗುಡಿಯ ಕಲ್ಲು ಕಿತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಕತ್ತಲಲ್ಲಿ ಗುಡ್ಡದ ಬುಡಕ್ಕೆ ಬಂದ ಇಬ್ಬರು, ಸುತ್ತಲೂ ಮುಚ್ಚಿದ ಗುಡಾರ, ಒಳಗೆ ಕರಿ ಶಾಲು ಹೊದ್ದ ಒಬ್ಬ, ಹೊರಗೆ ಹಾರೆ ಮತ್ತು ಸುತ್ತಿಗೆ. ನೀವಾದರೂ ಏನು ತಿಳಿಯುತ್ತಿದ್ದಿರಿ? "ಹೊರಗ ಬರ್ರಿ, ಎಷ್ಟು ಅಗದೀರಿ ನೋಡೋಣ" ಅಂದರು. ಮಾಸ್ತರ ಬಾಗಿಲ ಜಿಪ್ಪು ಎಳೆದು ತಲೆ ಹೊರಗೆ ಹಾಕಿದ. ಒಬ್ಬಾತ "ಅಯ್ಯ, ಪೀಟಿ ಸರ್ ಅಲ್ಲೇನ್ರಿ!" ಅಂದ, ಅವನ ಮಗಳು ಮಾಸ್ತರನ ಕಬಡ್ಡಿ ತಂಡದವಳು. ಆಮೇಲೆ ಐದೂ ಜನ ಸರದಿಯ ಮೇಲೆ ಒಳಗೆ ಕೂತು ಕಿಂಡಿಯಲ್ಲಿ ನೋಡಿ ಹೋದರು. ಮುಂಜಾನೆಯ ಫೋಟೋಗಳಿಗೆ ಎಳ್ಳುನೀರು. ಯಾರದೇ ಹೊಲವಿರಲಿ, ಹಿಂದಿನ ಸಂಜೆ ಹೋಗಿ ಯಜಮಾನರಿಗೂ ಅಕ್ಕಪಕ್ಕದವರಿಗೂ ಹೇಳಿ ಬನ್ನಿ.

ಜಾಗದ ವಿಷಯ ಬಂದದ್ದಕ್ಕೆ ಇನ್ನೆರಡು ಮಾತು. ಈ ಗುಡಾರ ನೋಡಿದವರೆಲ್ಲ "ಬೇಟಿಗೇನ್ರಿ?" ಅಂತ ಕೇಳುತ್ತಾರೆ, ಕೆಲವರ ಕಣ್ಣಿನಲ್ಲಿ ಆಸೆಯೂ ಕಾಣುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ನವಿಲಿರಲಿ ಕೌಜುಗವಿರಲಿ, ಬಿಲ್ಲಿರಲಿ ಬಲೆಯಿರಲಿ, ಹಿಡಿಯುವಂತಿಲ್ಲ, ಹೊಡೆಯುವಂತಿಲ್ಲ. ಶೇಂಗಾ ಕೆದರಿ ತಿನ್ನುವ ನವಿಲಿನ ಮೇಲೆ ರೈತರಿಗಿರುವ ಸಿಟ್ಟು ನನಗೆ ಗೊತ್ತು, ಅದು ಬೇರೆ ಮಾತು. ದರೋಜಿ ಕರಡಿಧಾಮದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇದನ್ನು ಬಿಚ್ಚಲೂ ಹೋಗಬೇಡಿ. ಗೂಡಿನ ಎದುರು ಹಾಕಬೇಡಿ. ಸಿರುಗುಪ್ಪದ ಎರೆ ಬಯಲಿಗೆ ತಗೊಂಡು ಹೋಗುವ ವಿಚಾರವಿದ್ದರೆ ದಯವಿಟ್ಟು ಬಿಡಿ. ಅಲ್ಲಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ, ಕಂಡ ದಾಖಲೆಗಳಿವೆ. ಟರ್ಕಿಯ ಹಾಗೆಯೇ ನೆಲದ ಮೇಲೆ ನಡೆಯುವ ದೊಡ್ಡ ಹಕ್ಕಿ, ತೂಕದಲ್ಲಿ ಅದಕ್ಕಿಂತ ಒಂದು ಕೈ ಮೇಲು, ಗಂಡು ಹದಿನೈದು ಕಿಲೋ ತನಕ ತೂಗುತ್ತದೆ. ಟರ್ಕಿ ಮರಳಿ ಬಂತು, ಇದು ಇಡೀ ದೇಶದಲ್ಲಿ ಇನ್ನೂರೂ ಉಳಿದಿಲ್ಲ. ಅದರ ಪಾಡಿಗೆ ಅದನ್ನು ಬಿಡುವುದೇ ಅದರ ಫೋಟೋ.

ಗುಡ್ಡದ ಅಂಚಿಗೆ ಕೂರುವವರು ಬುತ್ತಿಯ ಬಗ್ಗೆ ಎಚ್ಚರ. ಟರ್ಕಿಗೆ ಮೂಗಿಲ್ಲವೆಂದು ಭಾವನ ಕಡೆ ಗುಡಾರದ ಒಳಗೇ ಕಾಫಿ ತಿಂಡಿ ಎಲ್ಲ ನಡೆಯುತ್ತದಂತೆ. ನಮ್ಮ ಗುಡ್ಡದ ಕರಡಿಗೆ ಮೂಗೇ ಸರ್ವಸ್ವ. ಶೇಂಗಾ ಉಂಡಿ, ಬಾಳೆಹಣ್ಣು, ಬೆಲ್ಲ ಯಾವುದೂ ಬೇಡ. ರೊಟ್ಟಿ ಪಲ್ಯ ಬಯಲಲ್ಲಿ ಹೊರಗೆ ಬಂದು ತಿನ್ನಿ. ಆನೆಗುಂದಿ ಬೆಟ್ಟದ ಸಾಲಿಗೆ ನಾವು ಇದನ್ನು ಒಯ್ಯುವುದೇ ಇಲ್ಲ, ಅಲ್ಲಿ ಚಿರತೆಯ ಓಡಾಟವಿದೆ. ಕತ್ತಲಲ್ಲಿ ತೆಳ್ಳನೆ ಬಟ್ಟೆಯ ಹಿಂದೆ ಕೂತು, ಒಂದೇ ಕಡೆ ಕಿಟಕಿ ತೆರೆದುಕೊಂಡು, ಬೆನ್ನ ಹಿಂದೆ ಏನಿದೆ ಗೊತ್ತಾಗದೆ ಇರುವ ಶೋಕಿ ನಮಗೆ ಬೇಡ.

ಬಿಚ್ಚುವುದು ಬಲು ಸುಲಭ. ನಾಲ್ಕು ಗೋಡೆ, ಒಂದು ಮಾಡು, ಐದರ ನಡುವೆಯೂ ಫೈಬರ್ ಕಡ್ಡಿಗಳು ಕೂಡುವ ಗುಬಟು, ಅದಕ್ಕೊಂದು ಪಟ್ಟಿ. ಹಿಡಿದು ಜಗ್ಗಿದರೆ ಟಪ್ ಅಂತ ಗೋಡೆ ಎದ್ದು ನಿಲ್ಲುತ್ತದೆ, ಒಂದು ನಿಮಿಷವೂ ಬೇಡ. ಮಡಚುವುದಕ್ಕೆ ಇಬ್ಬರು ಬೇಕು, ಜಗಳ ಉಚಿತ. ಮಾಡನ್ನು ಮೊದಲು ಒಳಕ್ಕೆ ಒತ್ತಿ, ಆಮೇಲೆ ಗೋಡೆಗಳು. ತಲೆಕೆಳಗಾದರೆ ಕಡ್ಡಿ ಮುರಿಯುತ್ತದೆ. ನಮ್ಮದರಲ್ಲಿ ಒಂದು ಕಡ್ಡಿ ಸೀಳಿದೆ, ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಕಟ್ಟಿದ್ದೇವೆ, ನಡೆಯುತ್ತಿದೆ. ಚೀಲ ಮಾತ್ರ ಒಂದು ಅಳತೆ ಸಣ್ಣದು. ಮಂಜಿನಲ್ಲಿ ನೆನೆದ ಗುಡಾರ ಅದರೊಳಗೆ ಹೋಗುವುದೇ ಇಲ್ಲ, ನಾವು ಹಗ್ಗದಿಂದ ಬಿಗಿದು ಬೈಕಿನ ಹಿಂದೆ ಹಾಕಿಕೊಂಡು ಬರುತ್ತೇವೆ. ಏಳು ಕಿಲೋ ಆಸುಪಾಸು, ಬೈಕಿಗೆ ಭಾರವಲ್ಲ. ಒದ್ದೆಯಾಗಿ ಮಡಚಿಟ್ಟರೆ ಒಳಗಿನ ಕರಿ ಲೇಪ ಸುಲಿಯುತ್ತದೆ, ಮಾಳಿಗೆಯ ಮೇಲೆ ಹರವಿ ಒಣಗಿಸಿ.

ಕೊಳ್ಳುವವರಿಗೆ: ಅಮೆರಿಕದಿಂದ ಬರುವ ನೆಂಟರಿದ್ದರೆ ಹೇಳಿ ತರಿಸಿ, ಕೊರಿಯರಿನಲ್ಲಿ ತರಿಸಿದರೆ ಸಾಗಣೆ ಮತ್ತು ಸುಂಕವೇ ಮಾಲಿನ ಬೆಲೆ ಮುಟ್ಟೀತು. ಹಸಿರೆಲೆಯ ಅಚ್ಚು ಬೇಡ, ಒಣ ಹುಲ್ಲಿನ ಬಣ್ಣದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಗೋಡೆಯ ಒಳಗಿನಿಂದ ಹೊರಗಿನದೆಲ್ಲ ಕಾಣುವ ಜಾಲರಿ ಬಟ್ಟೆಯ ಹೊಸ ನಮೂನೆ ಬಂದಿವೆ, ಗಾಳಿ ಆಡುವುದರಿಂದ ನಮ್ಮ ಬಿಸಿಲಿಗೆ ಅದು ಒಳ್ಳೆಯದಿರಬೇಕು. ಒಬ್ಬರೇ ಹೋಗುವವರಾದರೆ ಇಷ್ಟು ದೊಡ್ಡದು ಯಾಕೆ, ಕುರ್ಚಿ ಮರೆಯೇ ಸಾಕು. ಇಬ್ಬರಾದರೆ ಇದೇ. ಗೂಟಗಳನ್ನು ಡಬ್ಬಿಯಿಂದ ಹೊರಗೇ ತೆಗೆಯಬೇಡಿ, ನೇರ ಕಮ್ಮಾರನ ಹತ್ತಿರ ಹೋಗಿ.